ಕೇಳುವವನ ದಣಿವು

"ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಊರಿನ ಸಂತೆಯನ್ನು ನೋಡಿ ಕಟ್ಟಿದರೋ ತಿಳಿಯದು. ಆದರೆ ಆ ಗಾದೆಗೆ ಇನ್ನೊಂದು ಮಗ್ಗುಲಿದೆ. ಚಿಂತೆಯುಳ್ಳವನಿಗೆ ನಡುರಾತ್ರಿಯ ನಿಶ್ಶಬ್ದದಲ್ಲೂ ನಿದ್ದೆ ಹತ್ತದು. ಇದನ್ನು ನಾನು ಕಲಿತದ್ದು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿರುವ ಈ ಸ್ಥಳವನ್ನು ಬಲ್ಲವರು ಬಹುಮಂದಿ. ಒಂದು ಕಾಲಕ್ಕೆ ಇಲ್ಲಿ ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಇದ್ದುವು. ಸುತ್ತಣ ಸೀಮೆ 2007 ರಲ್ಲಿ ರಾಮನಗರ ಜಿಲ್ಲೆಯಾಯಿತು. 2025 ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಹೊತ್ತಿತು. ಹೆಸರು ಬದಲಾಗುವುದಕ್ಕೆ ಬಹಳ ಮುಂಚೆಯೇ ಇಲ್ಲಿನ ಹಗಲು ರಾತ್ರಿಗಳು ಬದಲಾಗಿದ್ದುವು. ಹೊಲದಲ್ಲಿ ದುಡಿಯುತ್ತಿದ್ದವನಿಗೆ ಸೂರ್ಯನೇ ಗಡಿಯಾರ. ಕಾರ್ಖಾನೆಯಲ್ಲಿ ದುಡಿಯುವವನಿಗೆ ಪಾಳಿಯ ಪಟ್ಟಿಯೇ ಸೂರ್ಯ. ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿಯ ಪಾಳಿ. ಮಲಗುವ ಹೊತ್ತಿಗೆ ಏಳಬೇಕು, ಏಳುವ ಹೊತ್ತಿಗೆ ಮಲಗಬೇಕು. ದೇಹವು ಹೇಗೋ ಒಗ್ಗಿಕೊಳ್ಳುತ್ತದೆ. ಮನಸ್ಸು ಮಾತ್ರ ಹಳೆಯ ಹೊಲದ ಬದುವಿನ ಮೇಲೆಯೇ ಕುಳಿತು ಗೊಣಗುತ್ತಿರುತ್ತದೆ.

ನಾನು ವೈದ್ಯನಲ್ಲ. ಆಪ್ತ ಸಮಾಲೋಚನೆಯ ಶಿಕ್ಷಣವನ್ನು ತಕ್ಕಮಟ್ಟಿಗೆ ಪಡೆದು, ಭಾನುವಾರಗಳಂದು ಒಂದು ಸಣ್ಣ ಕೋಣೆಯಲ್ಲಿ ಕುಳಿತು, ಬಂದವರ ಮಾತನ್ನು ಕೇಳುವವನು. ಕಾಯಿಲೆಯೆಂದು ತೋರಿದವರನ್ನು ಆಸ್ಪತ್ರೆಗೆ ಕಳಿಸಿಕೊಡುತ್ತೇನೆ, ಉಳಿದವರೊಡನೆ ಮಾತನಾಡುತ್ತೇನೆ. ಸುಮಾರು ಎರಡು ವರ್ಷಗಳ ಹಿಂದೆ ಇಪ್ಪತ್ತನಾಲ್ಕು ವಯಸ್ಸಿನ ಒಬ್ಬ ಹುಡುಗ ಬಂದನು. ಯಂತ್ರದ ಮುಂದೆ ಅವನಿಂದ ಒಂದು ಸಣ್ಣ ತಪ್ಪಾಗಿತ್ತು; ಮೇಲಿನವರು ಎಲ್ಲರೆದುರಿಗೆ ಒಂದು ಮಾತು ಅಂದಿದ್ದರು. ತಪ್ಪು ಅಂದೇ ಸರಿಹೋಯಿತು, ಅಂದವರೂ ಮರೆತರು. ಇವನು ಮಾತ್ರ ನಾಲ್ಕು ತಿಂಗಳಿಂದ ಆ ಒಂದು ಮಾತನ್ನು ಮಗುಚಿ ಮಗುಚಿ ನೋಡುತ್ತಿದ್ದನು. ಹೀಗೆ ಹೇಳಬಹುದಿತ್ತೇ, ಹಾಗೆ ಉತ್ತರ ಕೊಡಬಹುದಿತ್ತೇ, ನಾಳೆ ಕೆಲಸ ಹೋದರೆ ತಂಗಿಯ ಮದುವೆಯ ಗತಿಯೇನು?

"ತಲೆಗೆ ಹುಳ ಬಿಟ್ಟಂಗಾಗೈತೆ ಸಾರ್. ರಾತ್ರಿಯೆಲ್ಲ ಮೇಯ್ತಾನೇ ಇರ್ತದೆ" ಎಂದನು.

ಐದನೆಯ ಸಲ ಬಂದಾಗ ಅವನು ಅದೇ ಕತೆಯನ್ನು ಅದೇ ಮಾತುಗಳಲ್ಲಿ ಹೇಳತೊಡಗಿದನು. ಅಂದು ಅವನಿಗಿಂತ ಮುಂಚೆ ಏಳು ಮಂದಿ ಬಂದು ಹೋಗಿದ್ದರು. ನಾನು ಗೋಡೆಯ ಗಡಿಯಾರವನ್ನು ನೋಡಿದೆ. "ಎಲ್ಲಾ ಸರಿಹೋಗುತ್ತೆ ಕಣಪ್ಪಾ, ಜಾಸ್ತಿ ಯೋಚನೆ ಮಾಡಬೇಡ" ಎಂದೆ. ಆ ಮಾತನ್ನು ನನ್ನ ಬಾಯಿ ಆಡಿತೇ ಹೊರತು ನಾನು ಆಡಲಿಲ್ಲ. ಹುಡುಗ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ನೀವೂ ಸುಸ್ತಾಗಿದ್ದೀರ ಸಾರ್" ಎಂದು ಮೆಲ್ಲಗೆ ಹೇಳಿ ಎದ್ದು ಹೋದನು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅವನ ತಲೆಯ ಹುಳ ನನ್ನ ತಲೆಗೆ ದಾಟಿಕೊಂಡಿತು. ಅವನೇನಾದರೂ ಮಾಡಿಕೊಂಡಿದ್ದರೆ? ನಾನು ಬೇರೆ ರೀತಿ ಮಾತನಾಡಿದ್ದರೆ? ಹೀಗೆ ನಾನೂ ರಾತ್ರಿಯೆಲ್ಲ ಮಗುಚಿ ಮಗುಚಿ ನೋಡುವವನಾದೆ.

ಆಗ ನನ್ನಲ್ಲಿ ಒಂದು ಪ್ರಶ್ನೆ ಹುಟ್ಟಿತು. ನಮ್ಮ ನಾಡಿನಲ್ಲಿ ಅನ್ಯರ ಮನಸ್ಸನ್ನು ನೋಡಿಕೊಂಡವರು ತಮ್ಮ ಮನಸ್ಸನ್ನು ಹೇಗೆ ನೋಡಿಕೊಂಡರು? ಇದಕ್ಕೆ ಉತ್ತರ ಹುಡುಕುತ್ತ ಹಳೆಯ ಸಂಗತಿಗಳನ್ನು ಓದಿದೆ. ಓದಿದ್ದರಲ್ಲಿ ಕೆಲವನ್ನು ವಾಚಕರ ಮುಂದೆ ಇಡುತ್ತೇನೆ.

ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಸ್ಥಾಪನೆಯಾದದ್ದು 1847 ರಲ್ಲಿ. ಆಗ ಮೈಸೂರು ಸೀಮೆ ಕಮಿಷನರ ಆಡಳಿತದಲ್ಲಿತ್ತು. ಆ ಕಾಲದ ಇಂತಹ ಮನೆಗಳಲ್ಲಿ, ಇಲ್ಲಾಗಲಿ ವಿಲಾಯತಿಯಲ್ಲಾಗಲಿ, ನೋಡಿಕೊಳ್ಳುವುದೆಂದರೆ ಬಹುಮಟ್ಟಿಗೆ ಕಾಯುವುದೆಂದೇ ಅರ್ಥ. ಗೋಡೆ, ಬೀಗ, ಊಟ, ಸ್ನಾನ, ಒಂದಿಷ್ಟು ಕೆಲಸ. 1925 ರಲ್ಲಿ ಮೈಸೂರು ಸರಕಾರವು ಅದರ ಹೆಸರನ್ನು ಮಾನಸಿಕ ಆಸ್ಪತ್ರೆಯೆಂದು ಬದಲಾಯಿಸಿತು. ಹೆಸರು ಬದಲಾದೊಡನೆ ಎಲ್ಲವೂ ಬದಲಾಗುವುದಿಲ್ಲ ನಿಜ. ಆದರೆ 'ಹುಚ್ಚ'ನೆನ್ನುವ ಬಾಯಿ 'ರೋಗಿ'ಯೆನ್ನಲು ಕಲಿತರೆ ಕೈಯೂ ತುಸು ಮೃದುವಾಗುತ್ತದೆ. 1930 ರ ದಶಕದಲ್ಲಿ ಆ ಆಸ್ಪತ್ರೆ ಊರ ಹೊರಗಿನ ಲಕ್ಕಸಂದ್ರದ ಎತ್ತರದ ವಿಶಾಲವಾದ ಬಯಲಿಗೆ ಬಂದಿತು.

ಇದೇ ವೇಳೆಗೆ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1924 ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. 1935 ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ'ಯೆಂದು ಹೆಸರು ತಂದವರೂ ಅವರೇ. ಮನಸ್ಸಿನ ಶಾಸ್ತ್ರವನ್ನು ಕಲಿಸುವವನು ಜನರ ಕಿವಿಗಳ ಮೇಲೂ ಕಣ್ಣಿಟ್ಟಿದ್ದನೆಂಬುದು ನನಗೆ ಬಲು ಹಿಡಿಸಿದ ಸಂಗತಿ.

ಭೋರ್ ಸಮಿತಿಯ 1946 ರ ಶಿಫಾರಸಿನ ಫಲವಾಗಿ 1954 ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಮಗ್ಗುಲಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮನೋವೈದ್ಯರಿಗೆ ಒಂದು ಡಿಪ್ಲೊಮಾ, ಮನಶ್ಶಾಸ್ತ್ರಜ್ಞರಿಗೆ ಒಂದು ಡಿಪ್ಲೊಮಾ, ಹೀಗೆ ಎರಡು ಬಗೆಯ ಶಿಕ್ಷಣ ಆರಂಭವಾಯಿತು. ಅಂದರೆ, ಬೀಗದ ಕೈಯನ್ನು ಹಿಡಿಯುವ ಕೆಲಸಕ್ಕೆ ಬದಲಾಗಿ ಕುಳಿತು ಕೇಳುವ ಕೆಲಸಕ್ಕೆ ಜನರನ್ನು ತಯಾರು ಮಾಡುವುದು ನಮ್ಮಲ್ಲಿ ಒಂದು ವೃತ್ತಿಯಾಯಿತು.

ಕಾಯುವುದರಲ್ಲಿ ಆಗುವ ದಣಿವು ಮೈಯದು. ಕೇಳುವುದರಲ್ಲಿ ಆಗುವ ದಣಿವು ಬೇರೆ. ಈ ಬೇರೆಯ ದಣಿವಿನ ಬೇರು ನಮ್ಮ ನೆಲದಲ್ಲಿ ಎಲ್ಲಿದೆಯೆಂಬುದನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಆ ಸಂಸ್ಥೆಯ ಎನ್. ಸಿ. ಸೂರ್ಯ ಅವರನ್ನು ನೆನೆಯಬೇಕು. 1964 ರಲ್ಲಿ ಅವರೂ ಜಯರಾಂ ಅವರೂ ಸೇರಿ, ಭಾರತದ ಸನ್ನಿವೇಶದಲ್ಲಿ ಮನಶ್ಚಿಕಿತ್ಸೆ ಹೇಗಿರಬೇಕೆಂಬುದನ್ನು ಕುರಿತು ಒಂದು ಲೇಖನವನ್ನು ಬರೆದರು. ನಮ್ಮ ರೋಗಿಯು ತನ್ನ ಒಳಮನಸ್ಸನ್ನು ಬಗೆದು ನೋಡುವುದಕ್ಕಿಂತ ಎದುರಿಗಿರುವ ಕಷ್ಟದಲ್ಲಿ ನೇರವಾದ ಆಸರೆಯನ್ನು ಬೇಡುತ್ತಾನೆ. ಚಿಕಿತ್ಸಕನ ಸಮಯವನ್ನೂ ಗಮನವನ್ನೂ ಹಟದಿಂದ ಕೇಳುತ್ತಾನೆ ಎಂಬುದು ಅವರು ಕಂಡದ್ದರ ಸಾರ. ಪಶ್ಚಿಮದ ಪುಸ್ತಕದಲ್ಲಿ ಚಿಕಿತ್ಸಕನು ದೂರ ಕುಳಿತ ಅಪರಿಚಿತ. ಗಂಟೆ ಬಾರಿಸಿದೊಡನೆ ಸಂಬಂಧ ಮುಗಿಯಿತು. ನಮ್ಮಲ್ಲಿ ಅವನು ಹಿರಿಯ, ಅಣ್ಣ, ಗುರು. ಅಣ್ಣನೆಂದು ಕರೆಸಿಕೊಂಡ ಮೇಲೆ ಗಡಿಯಾರವನ್ನು ನೋಡುವುದು ಹೇಗೆ? ಹಾರೋಹಳ್ಳಿಯ ಕೋಣೆಯಲ್ಲಿ ನನಗಾದ ಸೋಲಿನ ಅರ್ಧ ಕಾರಣ ಈ ಹಳೆಯ ಲೇಖನದಲ್ಲಿ ಸಿಕ್ಕಿತು.

ಭಾರವನ್ನು ಹಂಚಿಕೊಳ್ಳುವ ದಾರಿಗಳೂ ಆ ಕಾಲದಲ್ಲೇ ತೋರಿದುವು. ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರರು 1950 ರ ದಶಕದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಗುಡಾರಗಳನ್ನು ಹಾಕಿಸಿ, ರೋಗಿಯೊಡನೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನಲ್ಲೂ ಈ ಪದ್ಧತಿ ಬೇರೂರಿತು. ಮನೆಯವರು ಜೊತೆಗಿದ್ದರೆ ರೋಗಿಗೆ ಧೈರ್ಯ; ವೈದ್ಯನಿಗೂ ಎರಡು ಕೈ ಹೆಚ್ಚಾದಂತೆ.

ಇನ್ನೊಂದು ದಾರಿ ನಗೆಯದು. 'ರಾಶಿ'ಯೆಂದು ಕನ್ನಡಿಗರೆಲ್ಲರಿಗೂ ಪ್ರಿಯರಾದ ಡಾಕ್ಟರ್ ಎಂ. ಶಿವರಾಂ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ 1942 ರಲ್ಲಿ 'ಕೊರವಂಜಿ' ಪತ್ರಿಕೆಯನ್ನು ಹೊರಡಿಸಿ ನಾಡನ್ನು ನಗಿಸಿದರು. ಅವರಿಗೆ 1976 ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದು ಯಾವ ಪುಸ್ತಕಕ್ಕೆ ಎಂಬುದನ್ನು ಬಹುಮಂದಿ ಮರೆತಿದ್ದಾರೆ. ಅದು ಹಾಸ್ಯದ ಪುಸ್ತಕವಲ್ಲ. ಮನಸ್ಸಿನ ಬೇನೆಗಳನ್ನು ಕುರಿತ 'ಮನಮಂಥನ'. ಹಗಲೆಲ್ಲ ಅಳುವನ್ನು ಕೇಳಿದವನು ಸಂಜೆ ನಗೆಯನ್ನು ಬರೆಯಲು ಕುಳಿತಿದ್ದರೆ ಅದು ಬರಿಯ ಹವ್ಯಾಸವಾಗಿರಲಾರದು, ಉಸಿರಾಡುವ ಕಿಟಕಿಯೂ ಆಗಿದ್ದಿರಬೇಕು ಎಂದು ನನ್ನ ಊಹೆ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿಯವರು ಕಾದಂಬರಿಯ ದಾರಿ ಹಿಡಿದರು. ಅವರ 'ಶರಪಂಜರ'ವನ್ನು ಓದಿದವರಿಗೂ, 1971 ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿದವರಿಗೂ ಒಂದು ಮಾತು ತಿಳಿದಿರುತ್ತದೆ: ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮತ್ತೆ ಕೆಡವಿದ್ದು ಸುತ್ತಲಿನವರ ಕಣ್ಣು. ಮನಸ್ಸಿನ ಬೇನೆ ತಲೆಯೊಳಗೆ ಮಾತ್ರ ಇರುವುದಿಲ್ಲ, ಸುತ್ತಲೂ ಇರುತ್ತದೆ. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

1974 ನೆಯ ಇಸವಿ ನನ್ನ ಈ ಕತೆಯಲ್ಲಿ ದೊಡ್ಡದು. ಆ ವರ್ಷದ ಡಿಸೆಂಬರ್ 27 ರಂದು ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅದೇ ವರ್ಷ, ಕಡಲಾಚೆಯ ನ್ಯೂಯಾರ್ಕಿನಲ್ಲಿ, ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞನು ಒಂದು ಲೇಖನವನ್ನು ಪ್ರಕಟಿಸಿ ಈ ದಣಿವಿಗೆ 'ಬರ್ನ್‌ಔಟ್' ಎಂಬ ಹೆಸರನ್ನು ಚಾಲ್ತಿಗೆ ತಂದನು. ಹಿಟ್ಲರನ ಜರ್ಮನಿಯಿಂದ ಹುಡುಗನಾಗಿದ್ದಾಗಲೇ ತಪ್ಪಿಸಿಕೊಂಡು ಬಂದವನು ಅವನು. ಹಗಲು ತನ್ನ ವೃತ್ತಿ, ಸಂಜೆಯಿಂದ ಬಡವರ ಉಚಿತ ಚಿಕಿತ್ಸಾಲಯದಲ್ಲಿ ಸೇವೆ. ಹೀಗೆ ದುಡಿದು ದುಡಿದು ಒಂದು ದಿನ ಎದ್ದು ನಿಲ್ಲಲಾರದಾದನು. ಆಗ ತನ್ನ ಮಾತನ್ನು ತಾನೇ ಟೇಪಿನಲ್ಲಿ ಹಿಡಿದು, ಅನ್ಯರ ಮಾತನ್ನು ಕೇಳುವಂತೆ ಕೇಳಿಕೊಂಡನಂತೆ. ಆ ದನಿಯಲ್ಲಿ ಬಳಲಿಕೆಯಷ್ಟೇ ಸಿಟ್ಟೂ ಇತ್ತು. ಎಣ್ಣೆ ತೀರಿದ ಮೇಲೂ ಉರಿಯಲು ಹೊರಟ ಬತ್ತಿಯಂತೆ ತಾನೇ ಕರಕಾಗುವ ಸ್ಥಿತಿ ಅದು. ನಮ್ಮ ಭಾಷೆಯಲ್ಲಿ ಅದಕ್ಕೆ ಬಸವಳಿಕೆಯೆನ್ನೋಣ.

ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ವಿದುಷಿ ಅದನ್ನು ಮುಂದೆ ಅಳೆದು ನೋಡಿದಳು. 1981 ರಲ್ಲಿ ಸೂಸನ್ ಜಾಕ್ಸನ್ನಳೊಡನೆ ಅವಳು ಕೊಟ್ಟ ಅಳತೆಗೋಲಿನಲ್ಲಿ ಮೂರು ಗುರುತುಗಳಿವೆ. ಮನಸ್ಸಿನ ಕಸುವೆಲ್ಲ ಬತ್ತುವುದು ಒಂದು. ಎದುರಿಗಿರುವ ಮನುಷ್ಯನು ಮನುಷ್ಯನಾಗಿ ಕಾಣದೆ ಬರಿಯ ಕೆಲಸವಾಗಿ ಕಾಣುವುದು ಎರಡು. ತಾನು ಮಾಡಿದ್ದೆಲ್ಲ ವ್ಯರ್ಥವೆನಿಸುವುದು ಮೂರು. ಎರಡನೆಯದನ್ನು ಓದಿದಾಗ ನನ್ನ ಕೈ ತಡೆಯಿತು. ಆ ಭಾನುವಾರ ಹುಡುಗನು ನನಗೆ ಎಂಟನೆಯ ಹುಡುಗನಾಗಿ ಕಂಡಿದ್ದನೇ ಹೊರತು ಹುಡುಗನಾಗಿ ಕಂಡಿರಲಿಲ್ಲ. 2019 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ರೋಗಗಳ ಪಟ್ಟಿಯ ಹನ್ನೊಂದನೆಯ ಪರಿಷ್ಕರಣದಲ್ಲಿ ಈ ಮೂರು ಗುರುತುಗಳಿಗೆ ಹತ್ತಿರವಾದ ಮಾತನ್ನೇ ಹೇಳಿತು. ಅದು 2022 ರಿಂದ ಜಾರಿಗೆ ಬಂದಿದೆ. ಆದರೆ ಅಲ್ಲಿ ಒಂದು ಸೂಕ್ಷ್ಮವಿದೆ. ಬಸವಳಿಕೆಯನ್ನು ರೋಗವೆಂದು ಕರೆಯಲಿಲ್ಲ. ಕೆಲಸದ ಸ್ಥಳದಲ್ಲಿ ಹತೋಟಿಗೆ ಬಾರದೆ ಉಳಿದ ಒತ್ತಡದ ಫಲವೆಂದು ಕರೆದರು. ಎಂದರೆ, ದೋಷವು ದಣಿದವನ ಮನಸ್ಸಿನಲ್ಲಿ ಮಾತ್ರ ಇಲ್ಲ, ದಣಿಸಿದ ಕೆಲಸದ ಕ್ರಮದಲ್ಲಿಯೂ ಇದೆ. ತ್ರಿವೇಣಿಯವರ ಕಾದಂಬರಿ ಮನೆಯ ವಿಷಯದಲ್ಲಿ ತೋರಿಸಿದ್ದನ್ನೇ ಇವರು ದುಡಿಮೆಯ ವಿಷಯದಲ್ಲಿ ಹೇಳಿದರು.

ಬೆಂಗಳೂರಿಗೆ ಮರಳೋಣ. ನಿಮ್ಹಾನ್ಸ್ ಹುಟ್ಟಿದ ಮರುವರ್ಷವೇ, 1975 ರಲ್ಲಿ, ಅಲ್ಲಿ ಸಮುದಾಯ ಮನೋವೈದ್ಯಕೀಯದ ಘಟಕವೊಂದು ಆರಂಭವಾಯಿತು. ಅದರ ಮುಂದಾಳು ಆರ್. ಎಲ್. ಕಪೂರ್. ಕರಾವಳಿಯ ಕೋಟ ಎಂಬ ಹಳ್ಳಿಯಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಜನರ ಮನಸ್ಸಿನ ಬೇನೆಗಳನ್ನು ಕ್ಯಾರ್‌ಸ್ಟೇರ್ಸ್ ಎಂಬವರೊಡನೆ ಸೇರಿ ಅಭ್ಯಾಸಮಾಡಿ, 1976 ರಲ್ಲಿ ಪುಸ್ತಕವಾಗಿ ತಂದವರು ಅವರು. ಬದಲಾಗುತ್ತಿರುವ ಊರಿನಲ್ಲಿ ಬದಲಾಗಲಾರದ ಮನಸ್ಸು ಪಡುವ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬನ್ನೇರುಘಟ್ಟದ ಕಡೆಯ ಸಕಲವಾರವೆಂಬ ಹಳ್ಳಿಯಲ್ಲಿ ಅವರ ಘಟಕವು ಗ್ರಾಮೀಣ ಕೇಂದ್ರವನ್ನು ತೆರೆಯಿತು. ಹಾರೋಹಳ್ಳಿಗೂ ಸಕಲವಾರಕ್ಕೂ ನಡುವೆ ಇರುವುದು ಬನ್ನೇರುಘಟ್ಟದ ಕಾಡು ಮಾತ್ರ.

ಸಕಲವಾರದಲ್ಲಿ ಕಂಡುಕೊಂಡ ತತ್ತ್ವ ಸರಳವಾದದ್ದು. ಮನೋವೈದ್ಯರು ಬೆರಳೆಣಿಕೆಯಷ್ಟು, ಹಳ್ಳಿಗಳು ಲಕ್ಷಗಟ್ಟಲೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಈ ವಿದ್ಯೆಯ ಮೊದಲ ಪಾಠಗಳನ್ನು ಕಲಿಸಬೇಕು. 1982 ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 1980 ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಕ್ರಮವನ್ನು ಇಡೀ ಜಿಲ್ಲೆಗೆ ಹರಡಿ ನೋಡಿದರು. ಅದೇ ಮಾದರಿಯ ಮೇಲೆ 1996 ರಿಂದ ದೇಶದ ಜಿಲ್ಲೆಗಳಲ್ಲಿ ಕಾರ್ಯಕ್ರಮ ನಡೆಯಿತು. ಈ ವಿದ್ಯೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದವರು ಡಾಕ್ಟರ್ ಸಿ. ಆರ್. ಚಂದ್ರಶೇಖರ್. ಹೆಸರಿನ ಮೊದಲ ಅಕ್ಷರವೇ ಚನ್ನಪಟ್ಟಣದ್ದು. ನಮ್ಮ ಸೀಮೆಗೆ ಹೆಮ್ಮೆ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡು ನೂರಾರು ಕನ್ನಡ ಪುಸ್ತಕಗಳನ್ನು ಬರೆದರು. ವೈದ್ಯರಲ್ಲದ ಸಾಮಾನ್ಯರಿಗೂ ಆಪ್ತ ಸಮಾಲೋಚನೆಯನ್ನು ಕಲಿಸಿದರು. 2024 ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಆದರೆ ಕೇಳುವ ವಿದ್ಯೆಯನ್ನು ಹಂಚಿದಾಗ ಕೇಳುವ ದಣಿವನ್ನೂ ಹಂಚಿದಂತಾಯಿತು. 2015-16 ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2020 ರ ಕೊರೋನಾ ಕಾಲದಲ್ಲಿ ದೂರವಾಣಿಯ ಮೂಲಕ ಸಮಾಧಾನ ಹೇಳುವ ಕೆಲಸ ನಡೆಯಿತು. 2022 ರ ಅಕ್ಟೋಬರ್ 10 ರಂದು ಟೆಲಿ-ಮಾನಸ್ ಸೇವೆ ಆರಂಭವಾಗಿ, 14416 ಎಂಬ ಅಂಕೆಯನ್ನು ಒತ್ತಿದವರಿಗೆ ಹಗಲು ರಾತ್ರಿಯೆನ್ನದೆ ಒಂದು ದನಿ ಉತ್ತರ ಕೊಡುವಂತಾಯಿತು. ಒಳ್ಳೆಯದೇ. ಆದರೆ ಆ ದನಿಯ ಹಿಂದೆ ಕುಳಿತವರಿಗೂ ರಾತ್ರಿಯ ಪಾಳಿಯುಂಟು ಎಂಬುದನ್ನು ಹಾರೋಹಳ್ಳಿಯಲ್ಲಿ ಇರುವವನು ಮರೆಯಲಾರ.

ಈಗ ಆ ಹುಳದ ವಿಚಾರ. ಒಂದೇ ಯೋಚನೆಯನ್ನು ಮಗುಚಿ ಹಾಕುವ ಈ ರೋಗವನ್ನು ಶಾಸ್ತ್ರಜ್ಞರೂ ಬಿಟ್ಟಿಲ್ಲ. 1927 ರಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಹೆಂಗಸು ಬರ್ಲಿನ್ನಿನಲ್ಲಿ ಪ್ರಯೋಗಗಳನ್ನು ಮಾಡಿ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆಯೆಂದಳು. ಹುಡುಗನು ಅಂದು ಕೊಡದೆ ಉಳಿದ ಉತ್ತರವೂ ಅಂತಹ ಅರ್ಧಕ್ಕೆ ನಿಂತ ಕೆಲಸವೇ. ಸರಿ, ಯೋಚಿಸಬೇಡವೆಂದರೆ ಆಯಿತೆ? ಕೋತಿಯನ್ನು ನೆನೆಯದೆ ಔಷಧಿ ಕುಡಿಯೆಂದು ವೈದ್ಯ ಹೇಳಿದ ಕತೆಯನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದ್ದೇವೆ. ಬಟ್ಟಲನ್ನು ಎತ್ತಿದಾಗಲೆಲ್ಲ ಕೋತಿ ಪ್ರತ್ಯಕ್ಷ! 1987 ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಪಂಡಿತನು ಕೋತಿಯ ಬದಲು ಬಿಳಿಯ ಕರಡಿಯನ್ನಿಟ್ಟು ಪ್ರಯೋಗದಿಂದ ಇದನ್ನೇ ತೋರಿಸಿದನು. ನಾನು ಹುಡುಗನಿಗೆ "ಜಾಸ್ತಿ ಯೋಚನೆ ಮಾಡಬೇಡ" ಎಂದದ್ದು ಔಷಧಿಯೊಡನೆ ಕೋತಿಯನ್ನೂ ಕೊಟ್ಟಂತಾಗಿತ್ತು.

ಹಾಗಾದರೆ ಮಾಡುವುದೇನು? 1983 ರಲ್ಲಿ ಥಾಮಸ್ ಬೋರ್ಕೊವೆಕ್ ಮತ್ತು ಅವನ ಸಂಗಡಿಗರು ಒಂದು ಉಪಾಯವನ್ನು ಪರೀಕ್ಷಿಸಿದರು. ಚಿಂತೆಯನ್ನು ಬಿಡಬೇಡ, ಅದಕ್ಕೆ ಒಂದು ಹೊತ್ತನ್ನೂ ಒಂದು ಜಾಗವನ್ನೂ ಗೊತ್ತುಮಾಡು. ದಿನಕ್ಕೆ ಅರ್ಧ ಗಂಟೆ ಅಲ್ಲಿ ಕುಳಿತು ಮನಸಾರೆ ಚಿಂತಿಸು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ, ಆಮೇಲೆ ಬಾ ಎಂದು ಹೇಳಿಕಳಿಸಿ ಕೈಯಲ್ಲಿರುವ ಕೆಲಸಕ್ಕೆ ಮರಳು. ಇದನ್ನು ಓದಿದಾಗ ನನಗೆ ನಮ್ಮ ಸಂತೆಯ ನೆನಪಾಯಿತು. ಸಂತೆಗೆ ವಾರಕ್ಕೊಂದು ದಿನವುಂಟು, ಒಂದು ಮೈದಾನವುಂಟು. ಆ ದಿನ ಎಷ್ಟು ಗಲಾಟೆಯಾದರೂ ಸರಿ, ಮಾರನೆಯ ದಿನ ಮೈದಾನ ಖಾಲಿ. ಚಿಂತೆಗೂ ಸಂತೆಯ ದಿನವನ್ನು ಗೊತ್ತುಮಾಡಿದರೆ ಉಳಿದ ರಾತ್ರಿಗಳು ನಮ್ಮವಾಗಬಹುದು. ನಮ್ಮ ಗಾದೆಗೆ ನಾನು ಈಗ ಕೊಡುವ ಅರ್ಥ ಇದು.

ಇದು ಚಿಂತಿಸುವವನ ಮಾತಾಯಿತು. ಕೇಳುವವನಿಗೆ? 1950 ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಎಂಬ ಹಂಗೇರಿ ಮೂಲದ ವೈದ್ಯನು ಊರ ಸಾಮಾನ್ಯ ವೈದ್ಯರನ್ನು ವಾರಕ್ಕೊಮ್ಮೆ ಕೂಡಿಸುತ್ತಿದ್ದನು. ಅಲ್ಲಿ ಔಷಧಿಯ ಮಾತಿಲ್ಲ. ಯಾವ ರೋಗಿಯನ್ನು ಕಂಡರೆ ನಿನಗೆ ಸಿಟ್ಟು ಬರುತ್ತದೆ, ಯಾರ ನೆನಪು ನಿನ್ನನ್ನು ಮನೆಯವರೆಗೆ ಅಟ್ಟಿಕೊಂಡು ಬರುತ್ತದೆ, ಹೇಳು; ಉಳಿದವರು ಕೇಳುತ್ತಾರೆ. ಅಷ್ಟೇ. 1957 ರಲ್ಲಿ ಅವನು ಇದನ್ನು ಕುರಿತು ಬರೆದ ಪುಸ್ತಕ ಹೆಸರಾಯಿತು. ನಾವು ಮೂವರು, ನಾನು, ಶಾಲೆಯಿಂದ ನಿವೃತ್ತರಾದ ಒಬ್ಬ ಮೇಡಂ, ಒಬ್ಬ ನರ್ಸಮ್ಮ, ಈಗ ತಿಂಗಳಿಗೆರಡು ಸಲ ಹೀಗೆ ಕೂಡುತ್ತೇವೆ. ಯಾರ ಹೆಸರನ್ನೂ ಹೇಳುವುದಿಲ್ಲ. ಮೊದಲ ಸಲ ನಾನು ಗಡಿಯಾರವನ್ನು ನೋಡಿದ ಸಂಗತಿಯನ್ನು ಹೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಟು ಜನರನ್ನ ಯಾಕೆ ಕೂರಿಸಿಕೊಂಡಿರಿ? ನಿಮ್ಮನ್ನ ಯಾರು ಕೇಳಿದರು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರನ್ನೂ ಬೇಡವೆನ್ನಲಾರದವನು ನಾನೆಂಬ ಹೆಮ್ಮೆಯೇ ಅದಕ್ಕೆ ಕಾರಣವಾಗಿತ್ತು. ಆ ಹೆಮ್ಮೆಯ ಬೆಲೆಯನ್ನು ತೆತ್ತವನು ಹುಡುಗ. ಈಗ ನಾನು ಒಂದು ಭಾನುವಾರಕ್ಕೆ ನಾಲ್ವರನ್ನು ಮಾತ್ರ ನೋಡುತ್ತೇನೆ. ಉಳಿದವರಿಗೆ ಮುಂದಿನ ವಾರವನ್ನು ಹೇಳುವಾಗ ಇಂದಿಗೂ ನಾಲಗೆ ತಡವರಿಸುತ್ತದೆ. ಕಾಯಲಾಗದವರನ್ನು ಅಂದೇ ಆಸ್ಪತ್ರೆಗೆ ಕಳಿಸುತ್ತೇನೆ.

ನಮ್ಮ ತಾಯಿ ರೇಷ್ಮೆ ಹುಳು ಸಾಕಿದವರು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ; ನಮ್ಮವರು ಅದಕ್ಕೆ ಜ್ವರವೆನ್ನುತ್ತಾರೆ. ಹಗಲಿರುಳು ಮೇಯುವ ಹುಳು ಜ್ವರಕ್ಕೆ ಕೂತಾಗ ತಲೆಯನ್ನೆತ್ತಿ ಅಲುಗದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಮಾರು ಒಂದು ದಿನ ಹೀಗೆ. ಬಾಲ್ಯದಲ್ಲಿ ನಾನು ಹುಳುಗಳು ಸತ್ತವೆಂದು ಬೆರಳಿನಿಂದ ತಟ್ಟಿದಾಗ ಅಮ್ಮ, "ಸತ್ತಿಲ್ಲ ಕಣ್ ಮಗಾ, ಜ್ವರಕ್ಕೆ ಕೂತವೆ. ಸುಮ್ನೆ ಬಿಡು, ತಾವೇ ಏಳ್ತವೆ" ಎಂದಿದ್ದರು. ತಲೆಯೊಳಗಿನ ಹುಳಕ್ಕೂ ಜ್ವರಕ್ಕೆ ಕೂರುವ ಹೊತ್ತು ಬೇಕು. ಅದರ ಯಜಮಾನನಿಗೂ ಬೇಕು. ರೇಷ್ಮೆಯ ಸೀಮೆಯಲ್ಲಿ ಹುಟ್ಟಿದವನಿಗೆ ಈ ಪಾಠ ಇಷ್ಟು ತಡವಾಗಿ ತಲೆಗೆ ಹತ್ತಿದ್ದು ನಾಚಿಕೆಯ ಮಾತೇ ಸರಿ.

ಆದರೆ ಹುಳುವಿಗೆ ಅಂತಹ ಹೊತ್ತನ್ನು ಬಿಟ್ಟುಕೊಡುವವರು ಸಾಕುವವರು. ಪಾಳಿಯ ಪಟ್ಟಿಯನ್ನು ಬರೆಯುವವರು, ಸಮಾಲೋಚಕರಿಗೆ ದಿನಕ್ಕಿಷ್ಟು ಜನವೆಂದು ಗೊತ್ತುಮಾಡುವವರು ಇದನ್ನು ಗಮನಿಸಬೇಕು. ನಿದ್ದೆಗೆಟ್ಟವನಿಗೆ ಉಸಿರಾಟದ ಅಭ್ಯಾಸವನ್ನು ಕಲಿಸಿ, ಅದೇ ಪಾಳಿಗೆ ಮರಳಿ ಕಳಿಸುವುದು ಅರ್ಧ ಚಿಕಿತ್ಸೆ ಮಾತ್ರ.

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಬಾಗಿಲಲ್ಲಿ ಪರಿಚಯದ ಮುಖ ಕಂಡಿತು. ಅದೇ ಹುಡುಗ. ನನ್ನ ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು. ಕೆಲಸ ಬದಲಾಯಿಸಿದ್ದನಂತೆ, ಈಗ ಹಗಲಿನ ಪಾಳಿ ಮಾತ್ರ. ಹುಳ ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಬರುತ್ತದೆಯೆಂದನು. ಜೊತೆಗೆ ತನ್ನ ಕೋಣೆಯ ಗೆಳೆಯನನ್ನು ಕರೆತಂದಿದ್ದನು. "ನಂದು ಬ್ಯಾಡ ಸಾರ್, ಇವನ್ದು ಕೇಳಿ" ಎಂದನು. ಆಮೇಲೆ ನನ್ನ ಮುಖವನ್ನು ಹಿಂದಿನಂತೆಯೇ ದಿಟ್ಟಿಸಿ, "ಇವತ್ತು ಸುಸ್ತಾಗಿಲ್ವಾ ಸಾರ್?" ಎಂದನು.

"ಸ್ವಲ್ಪ ಆಗಿದೆ ಕಣಪ್ಪಾ. ಆದರೆ ಇವತ್ತು ಇವನು ಮೂರನೆಯವನು, ಕೂತ್ಕೊಳ್ಳಿ" ಎಂದೆ.